ಶಾಂತಮಲ್ಲಪ್ಪನ ಉಪ್ಪು

"ಇನ್ನೊಂದ್ಸಲ ನೋಡ್ತೀನಿ, ಕೈ ಸಡಿಲ ಬಿಡಿ ಅಣ್ಣ," ಎಂದು ನರ್ಸ್ ಗಂಗಾಮಣಿ ಶಾಂತಮಲ್ಲಪ್ಪನ ತೋಳಿಗೆ ಸುತ್ತಿದ್ದ ಪಟ್ಟಿಗೆ ಮತ್ತೆ ಗಾಳಿ ತುಂಬಿದಳು. ಪಾಳ್ಯದ ಪಕ್ಕದ ಆ ಊರಿನ ಶಾಲೆಯಲ್ಲಿ ಅಂದು ಹೃದಯದ ಆರೋಗ್ಯ ಶಿಬಿರ. ಹಾಸನದಿಂದ ಡಾಕ್ಟರು ಅಂಬಾಸಿಡರ್ ಕಾರಿನಲ್ಲಿ ಬಂದಿದ್ದರು. ಬಂದವರಿಗೆಲ್ಲ ಮಧ್ಯಾಹ್ನದ ಊಟದ ಏರ್ಪಾಡೂ ಇತ್ತು. ಅಡುಗೆ ಶಾಂತಮಲ್ಲಪ್ಪನದೇ. ಶಾಲೆಯ ಹಿಂದೆ ಹಸಿ ಅವರೆಕಾಳಿನ ಸಾರು ಕುದಿಯುತ್ತಿದ್ದಾಗ ಹೆಂಡತಿ ಮಾದೇವಮ್ಮ ಓಡಿಬಂದು, ಅವನ ರಟ್ಟೆ ಹಿಡಿದು ಎಳೆತಂದು, ಜಗಲಿಯ ಕುರ್ಚಿಯ ಮೇಲೆ ಕೂರಿಸಿದ್ದಳು.

"ಬೇಗ ನೋಡಿ ನರ್ಸಮ್ಮ, ಸಾರಿಗಿನ್ನೂ ಉಪ್ಪು ಬಿದ್ದಿಲ್ಲ."

"ಹಾಕೋಕ್ಮುಂಚೆ ಬಂದಿದ್ದು ಒಳ್ಳೇದೇ ಆಯ್ತು." ಗಂಗಾಮಣಿ ಪಟ್ಟಿ ಬಿಚ್ಚಿದಳು. "ಬಿ.ಪಿ. ಬಹಳ ಜಾಸ್ತಿ ಐತೆ ಅಣ್ಣ. ಒಳಗೆ ಡಾಕ್ಟ್ರು ಮಾತ್ರೆ ಬರೆದುಕೊಡ್ತಾರೆ, ದಿನಾ ತಗೋಬೇಕು. ಬೀಡಿ ಬಿಡ್ಬೇಕು. ಉಪ್ಪು ಅರ್ಧಕ್ಕೆ ಇಳಿಸ್ಬೇಕು. ನಿಮ್ಮ ಕೈ ಊಟ ಉಣ್ಣೋರಿಗೂ ಅಷ್ಟೇ ಹಾಕಿದ್ರೆ ಊರಿಗೇ ಪುಣ್ಯ."

ಸಾಲಿನಲ್ಲಿ ನಿಂತವರು ಗೊಳ್ಳನೆ ನಕ್ಕರು. ಸುತ್ತಲಿನ ಊರುಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಸೌಟು ಹಿಡಿಯುವವನು ಶಾಂತಮಲ್ಲಪ್ಪನೇ. ಉಪ್ಪು ಖಾರ ಒಂದು ಕೈ ಮುಂದಾದ ಆ ಸಾರಿಗಾಗಿಯೇ ದೂರದ ನೆಂಟರೂ ತಪ್ಪಿಸದೆ ಬರುತ್ತಿದ್ದರು. ಅವನಿಗೆ ಎಲ್ಲರೆದುರು ಮಾನ ಹೋದಂತಾಯಿತು.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಈ ಗಾದೆ ನಿಮ್ಮೂರಲ್ಲಿ ಇಲ್ವಾ ನರ್ಸಮ್ಮ?"

"ಐತೆ ಅಣ್ಣ. ಆದ್ರೆ ತಾಯಿ ಒಬ್ಬಳೇ ಅಲ್ವಾ? ನೀವು ಉಪ್ಪನ್ನ ಹಿಡಿಗಟ್ಲೆ ಹಾಕ್ತೀರಲ್ಲ!"

ಈ ಸಲ ಒಳಗಿದ್ದ ಡಾಕ್ಟರೂ ನಕ್ಕರು. ಮಾದೇವಮ್ಮ ಮಾತ್ರ ನಗಲಿಲ್ಲ. ಹಿಂದಿನ ವರ್ಷ ಗಂಡನ ಅಣ್ಣ ಆಲೂರಿನ ಒಂದು ಮದುವೆಮನೆಯಲ್ಲಿ ಒಲೆಯ ಮುಂದೆ ಎದೆ ಹಿಡಿದು ಕೂತಿದ್ದ. ಮೈಯೆಲ್ಲ ಬೆವರು, ಎಡಗೈಯೊಳಗೆ ಸೆಳೆತ. ಗ್ಯಾಸ್ ಎಂದು ಎಲ್ಲರೂ ಸೋಡಾ ಕುಡಿಸಿದರು. ಬೇಳೆ ಬೇಯುವಷ್ಟರಲ್ಲಿ ಮನುಷ್ಯನೇ ಇರಲಿಲ್ಲ. ಅಂಥ ನೋವನ್ನು ಗ್ಯಾಸ್ ಎಂದು ಕೂರಬಾರದು, ಸಿಕ್ಕ ಗಾಡಿ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಗಂಗಾಮಣಿ ಶಿಬಿರದಲ್ಲಿ ಆಗ ತಾನೆ ಎಲ್ಲರಿಗೂ ಹೇಳಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ಮಾದೇವಮ್ಮ ಒಲೆಯ ಕಡೆ ಓಡಿದ್ದು.

"ಭಾವ ಹೋದಂಗೆ ನೀವೂ ಹೋಗ್ಬುಡಿ ಅಂತ ನೋಡ್ಕಂಡು ಕೂರ್ಲಾ ನಾನು?" ಎಂದಳು. ದನಿ ಸಣ್ಣಗಿತ್ತು.

ಶಾಂತಮಲ್ಲಪ್ಪ ಎದ್ದ. ಡಾಕ್ಟರ ಹತ್ತಿರ ಹೋಗಿ ಮಾತ್ರೆ ಈಸಿಕೊಂಡು, ಜೇಬಿಗೆ ಹಾಕಿಕೊಂಡು, ಒಲೆಯ ಮುಂದೆ ನಿಂತ. ಉಪ್ಪಿನ ಡಬ್ಬಕ್ಕೆ ಕೈ ಹಾಕಿ ಎಂದಿನಂತೆ ಹಿಡಿ ತುಂಬಿಕೊಂಡ. ಹಂಡೆಯ ಮೇಲೆ ಕೈ ಒಯ್ದವನು ಹಾಗೇ ನಿಂತ. ಆವಿಗೆ ಕೈ ಸುಡತೊಡಗಿದಾಗ ಅರ್ಧ ಉಪ್ಪನ್ನು ಡಬ್ಬಕ್ಕೇ ಸುರಿದು, ಉಳಿದದ್ದನ್ನು ಸಾರಿಗೆ ಹಾಕಿ ತಿರುವಿದ. ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದ. ಮುಖ ಕಿವುಚಿದ.

"ಹೆಂಗೈತೆ?" ಎಂದಳು ಹಿಂದೆಯೇ ಬಂದಿದ್ದ ಮಾದೇವಮ್ಮ.

"ದನಕ್ಕೆ ಇಟ್ಟ ಕಲಗಚ್ಚು ಇದ್ದಂಗೈತೆ."

ಹಾಗೆಂದವನು ಸುಮ್ಮನೆ ಕೂರಲಿಲ್ಲ. ಬೇಲಿಯ ಹೇರಳೆ ಮರದಿಂದ ತಾನೇ ಹಣ್ಣು ಕಿತ್ತುತಂದು ಹುಳಿ ಹಿಂಡಿದ. ತೋಟದ ಕಾಳುಮೆಣಸನ್ನು ಕುಟ್ಟಿ ಹಾಕಿದ. ಬೆಳ್ಳುಳ್ಳಿಯನ್ನು ಎರಡರಷ್ಟು ಜಜ್ಜಿ, ಕೆಂಪಗೆ ಹುರಿದು ಒಗ್ಗರಣೆ ಕೊಟ್ಟ. ಚುಂಯ್ ಎಂದ ಸದ್ದಿಗೆ ಜಗಲಿಯ ಸಾಲಿನಲ್ಲಿದ್ದವರು ಮೂಗರಳಿಸಿ ತಿರುಗಿದರು. ಮತ್ತೊಮ್ಮೆ ರುಚಿ ನೋಡಿದ. "ಎಲೆ ತುದಿಗೆ ಉಪ್ಪು ಬಡಿಸ್ಬ್ಯಾಡ," ಎಂದಷ್ಟೇ ಹೆಂಡತಿಗೆ ಹೇಳಿ ಸೌಟು ಹಿಡಿದ.

ಪಂಕ್ತಿ ಕೂತಿತು. ಬಿಸಿ ಮುದ್ದೆ, ಅದರ ಪಕ್ಕ ಸಾರು. ಜನ ಮುದ್ದೆ ಮುರಿದು, ಅದ್ದಿ, ನುಂಗಿದರು. ಒಬ್ಬ ಎಲೆಯ ತುದಿಯಲ್ಲಿ ಬೆರಳಾಡಿಸಿ ಉಪ್ಪು ಹುಡುಕಿದ. ಇನ್ನೊಬ್ಬ ಪಕ್ಕದವನ ಮುಖ ನೋಡಿದ. ಶಾಂತಮಲ್ಲಪ್ಪನಿಗೆ ತಡೆಯಲಾಗಲಿಲ್ಲ, ಪಂಕ್ತಿಯ ನಡುವೆ ಬಂದು ನಿಂತುಬಿಟ್ಟ.

"ಸಪ್ಪೆ ಅನ್ಸಿದ್ರೆ ಬೈದ್ಬುಡ್ರಪ್ಪ, ನಾನೇ ಉಪ್ಪು ಕಮ್ಮಿ ಹಾಕಿದ್ದು. ಅಣ್ಣ ಒಲೆ ಮುಂದೇನೇ ಹೋಗ್ಬುಟ್ಟ. ನಿಮಗೂ ಇದೇ ಕೈಯಾಗೆ ಬಡಿಸ್ತೀನಲ್ಲ, ಅದಕ್ಕೆ..." ಜಗಲಿಯ ಕಂಬಕ್ಕೆ ಒರಗಿದ್ದ ಗಂಗಾಮಣಿಯ ನಗು ನಿಂತಿತು.

ಪಂಕ್ತಿಯ ಕೊನೆಯಲ್ಲಿ ಬೆಟ್ಟಮ್ಮ ಕೂತಿದ್ದಳು. ಊರಿಗೇ ಹಿರಿಯಳು. ಯಾರ ಮನೆಯ ಊಟವನ್ನೂ ಹೊಗಳಿ ಎದ್ದವಳಲ್ಲ. ಅವಳು ಯಾರತ್ತಲೂ ನೋಡದೆ ಮೊಣಕೈವರೆಗೂ ಇಳಿದಿದ್ದ ಸಾರನ್ನು ನೆಕ್ಕಿ, ಉಳಿದ ಮುದ್ದೆಯ ನಡುವೆ ಹೆಬ್ಬೆರಳಿಂದ ಗುಳಿ ಮಾಡಿ ತೋರಿಸಿದಳು.

"ಬಿಡ್ಲಾ ಇಲ್ಲಿಗೆ ಇನ್ನೊಂದು ಸೌಟು."

"ರುಚಿ ಐತಾ ಅತ್ತೆ?" ಶಾಂತಮಲ್ಲಪ್ಪ ಹೆದರಿಕೆಯಿಂದಲೇ ಕೇಳಿದ.

"ಇಷ್ಟು ವರ್ಷ ನೀನು ಉಪ್ಪಿಗೆ ಸಾರು ಹಾಕ್ತಿದ್ದೆ ಕಣ್ಲಾ," ಎಂದಳು ಬೆಟ್ಟಮ್ಮ. "ಇವತ್ತು ಸಾರಿಗೆ ಉಪ್ಪು ಹಾಕಿದೀಯ."