ಕೆಂಪು ಗೆರೆ ಎಳೆದ ಸಾಲು

"ಅಕ್ಕಾ, ಹೋದ ವರ್ಷ ನಮ್ಮ ಲ್ಯಾಬಿಗೆ ಎಂಜಲು ಕೊಟ್ಟೆಯಲ್ಲ, ಆವತ್ತು ಬೆಳಿಗ್ಗೆ ನಿಜವಾಗ್ಲೂ ಬಿಸ್ಕತ್ತು ತಿಂದಿದ್ಯಾ?"

ಮೂರನೆಯ ಕೀಮೋ ಮುಗಿಸಿ ಬಂದಿದ್ದ ಅಕ್ಕ ತಲೆಗೆ ಸುತ್ತಿದ್ದ ಬಟ್ಟೆಯನ್ನು ಸರಿಪಡಿಸಿಕೊಂಡಳು. ತಂಗಿಯ ಮಡಿಲಲ್ಲಿ ದಾಖಲೆ ಪುಸ್ತಕ ತೆರೆದಿತ್ತು. ಸ್ತನ ಕ್ಯಾನ್ಸರನ್ನು ಮೊದಲೇ ತೋರಿಸಿಕೊಡಬಲ್ಲ ಕಿಣ್ವವೊಂದನ್ನು ಎಂಜಲಿನಲ್ಲಿ ಅಳೆಯುವ ಅಧ್ಯಯನ ಅದು. ಹೋಲಿಕೆಗೆ ಆರೋಗ್ಯವಂತ ಹೆಂಗಸರು ಬೇಕಿದ್ದರು. ಅಕ್ಕ ಅವರಲ್ಲಿ ಹದಿನೇಳನೆಯವಳು. ಉಳಿದವರಿಗಿಂತ ಮೂರು ಪಟ್ಟು ಹೆಚ್ಚು ಬಂದಿದ್ದ ಅವಳ ಅಂಕಿಯ ಮೇಲೆ ತಂಗಿಯೇ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದಳು. ಪಕ್ಕದಲ್ಲಿ, 'ತಿಂದು ಕೊಟ್ಟದ್ದು, ಪರಿಗಣಿಸಬಾರದು' ಎಂದು ಬರೆದಿದ್ದಳು. ಅಕ್ಕ ತಿಂದಿದ್ದರೆ ಆ ಗೆರೆ ತಪ್ಪಲ್ಲ.

ಅಕ್ಕ ನಕ್ಕಳು. "ಹಿಂದಿನ ದಿನ ಮೂರು ಸಲ ಫೋನ್ ಮಾಡಿ ನೀರೂ ಕುಡೀಬೇಡ ಅಂದೋಳು ನೀನು. ನಿನ್ನ ಕೈಲಿ ಬೈಸ್ಕೊಳ್ಳೋಕಾ ಬಿಸ್ಕತ್ತು ತಿನ್ಲಿ? ಆಮೇಲೆ ನೀನೇ 'ಏನೋ ತಿಂದಿರ್ತೀಯ, ಒಪ್ಕೋ' ಅಂತ ಅಳೋ ಹಾಗೆ ಕೇಳಿದೆ. ಪಾಪ, ನಿನ್ನ ಕೆಲಸ ಕೆಡಬಾರ್ದು ಅಂತ ಹೂಂ, ಬಿಸ್ಕತ್ತು ತಿಂದೆ ಅಂದೆ ಕಣೇ."

ತಂಗಿ ಪುಸ್ತಕ ಮುಚ್ಚಿದಳು. ಬೆರಳುಗಳು ರಟ್ಟಿನ ಮೇಲೆಯೇ ಉಳಿದವು.

"ಅದು ಹೋಗ್ಲಿ," ಅಕ್ಕ ಆಸೆಯಿಂದ ಅವಳತ್ತ ಬಾಗಿದಳು, "ನಾನು ಕೊಟ್ಟಿದ್ರಿಂದ ಯಾರಿಗಾದ್ರೂ ಒಳ್ಳೇದಾಯ್ತಾ?"