ಒಳಲೆ ಕಿತ್ತುಕೊಂಡ ಮಧ್ಯಾಹ್ನ

ಪಕ್ಕದ ಮನೆಯಿಂದ ರಾಗಿ ಹುರಿಯುವ ಘಮ ಬಂದರೆ ನನಗೆ ಈಗಲೂ ಕೋಪ ಬರುತ್ತದೆ.

ಆಗ ನಾವು ಅಗ್ರಹಾರದಲ್ಲಿದ್ದೆವು. ಮೊಮ್ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ರಾಗಿ ಸರಿ ಕಂಡರೆ ಸಾಕು, ಹಲ್ಲು ಕಚ್ಚಿಕೊಂಡುಬಿಡುತ್ತಿದ್ದಳು. ಇದನ್ನು ಕೇಳಿ ನನ್ನ ಗಂಡನ ಅಕ್ಕ ಕೆಸರೆಯಿಂದ ಬಂದರು. ಬಂದವರೇ ಹಜಾರದಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದರು. ಹಸುಗೂಸಿಗೆ ಹಾಲು ಕುಡಿಸುವ ಒಳಲೆಯ ಮೂತಿಯನ್ನು ಬಾಯಿಗೆ ತುರುಕಿ, ತೆಳ್ಳಗೆ ಕಾಸಿದ ಸರಿ ಸುರಿದರು. ಮಗುವಿಗೆ ಉಸಿರು ಕಟ್ಟಿ ಮುಖ ಕೆಂಪಾಯಿತು. ಸೊಸೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಹಿರಿಯರ ಎದುರು ಅವಳು ಮಾತಾಡುವ ಹಾಗಿರಲಿಲ್ಲ.

ನಾನು ಒಳಲೆ ಕಿತ್ತುಕೊಂಡೆ.

"ನಿನ್ ಗಂಡನ್ನೂ ಹಿಂಗೇ ಸಾಕಿದ್ದು ಕಣೇ," ಎಂದರು.

"ಅದಕ್ಕೇ ಅವರು ಇವತ್ತಿಗೂ ರಾಗಿ ಮುಟ್ಟಲ್ಲ, ಅತ್ತಿಗೆ. ಬುಡಿ ಮಗೂನ."

"ಉಪವಾಸ ಕೆಡವ್ತೀಯಾ?"

"ಹಸಿವಾದ್ರೆ ಕೇಳ್ತಾಳೆ. ಅದು ಬಾಯಿ ಕಣ್ರೀ, ನಲ್ಲಿ ಕೆಳಗಿಟ್ಟ ಬಿಂದಿಗೆ ಅಲ್ಲ."

ಅತ್ತಿಗೆ ಕಾಫಿಯನ್ನೂ ಕುಡಿಯದೆ ಹೊರಟರು. ನಾನು ತಡೆಯಲಿಲ್ಲ.

"ಈಗೇನ್ಮಾಡೋದು ಅತ್ತೆ?" ಎಂದಳು ಸೊಸೆ.

"ನೀನು ಊಟ ಮಾಡು. ಬೆಳಗ್ಗಿಂದ ಅವಳ ಹಿಂದೆ ಓಡಿ ನೀನೂ ತಿಂದಿಲ್ಲ."

ಇಬ್ಬರೂ ತಟ್ಟೆ ಹಾಕಿಕೊಂಡೆವು. ಮಗು ಮೂಲೆಯಿಂದ ನೋಡಿತು, ಹತ್ತಿರ ಬರಲಿಲ್ಲ. ನಾವೂ ಕರೆಯಲಿಲ್ಲ. ಅವಳು ತಾನಾಗಿ ಬಾಯಿ ತೆರೆದದ್ದು ಸಂಜೆಗೆ, ಅದೂ ಬರೀ ಚಟ್ನಿಪುಡಿ ಬೇಕೆಂದು.

ಕೊಟ್ಟೆ.