ಸರಾಸರಿಗಿಂತ ಕಡಿಮೆ

ಮೈದಾನದ ಬೇಲಿಗೆ ಅಂಟಿಸಿದ್ದ ಹಾಳೆಯಲ್ಲಿ ಮಗಳ ಹೆಸರು ಕಂಡದ್ದೇ ಡಾಕ್ಟರ್ ರಾಜಶೇಖರ ಕನ್ನಡಕ ಸರಿಪಡಿಸಿಕೊಂಡರು. ಅಪೂರ್ವ, ಪಿಚರ್. ಆಡಲು ಶುರುಮಾಡಿದಾಗಿನಿಂದ ಇಲ್ಲಿಯವರೆಗಿನ ಆವರೇಜ್ 3.2. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇಡೀ ಲೀಗಿನ ಆವರೇಜ್: 6.5. ಮಗಳದ್ದು ಅದರ ಅರ್ಧವೂ ಇರಲಿಲ್ಲ.

ಶೆಫೀಲ್ಡಿನಲ್ಲಿ ಇಷ್ಟು ವರ್ಷ ಕಳೆದರೂ, ಪಿಚರ್ ಎಂದರೆ ಚೆಂಡೆಸೆಯುವವಳು ಎಂಬುದರಾಚೆ ಬೇಸ್‌ಬಾಲ್ ಅವರ ತಲೆಗೆ ಹತ್ತಿರಲಿಲ್ಲ. ಇಂಗ್ಲೆಂಡಿನಲ್ಲಿದ್ದುಕೊಂಡು ಅಮೆರಿಕದವರ ಆಟ ಇವಳಿಗೇಕೆ ಎಂಬುದು ಅವರ ಹಳೆಯ ತಕರಾರು. ಇವತ್ತು ಬ್ರೂಮ್‌ಹಿಲ್ಲಿನ ಮನೆಯಿಂದ ಕಾರು ಓಡಿಸಿಕೊಂಡು ಬಂದದ್ದೂ ಆಟ ನೋಡಲಿಕ್ಕಲ್ಲ. ಮುಂದಿನ ಸೀಸನ್ನಿಗೆ ಇರುತ್ತಾಳೋ ಇಲ್ಲವೋ ಎಂದು ಅವಳು ಕೋಚಿಗೆ ಸಂಜೆಯೊಳಗೆ ಹೇಳಬೇಕಿತ್ತು. ಮೆಡಿಸಿನ್ ಸೀಟಿಗೆ ಓದುವ ವರ್ಷ, ಚೆಂಡೆಸೆದದ್ದು ಸಾಕು ಎಂದು ಖಡಾಖಂಡಿತವಾಗಿ ಹೇಳಿಬಿಡಲು ಬಂದಿದ್ದರು.

ಈಗ ಹಾಳೆಯೇ ಅವರ ಪರವಾಗಿ ನಿಂತಿತ್ತು. ಆದರೂ ಯಾಕೋ ಗೆದ್ದ ಖುಷಿಯಾಗಲಿಲ್ಲ. ಮಳೆ ಚಳಿ ಎನ್ನದೆ ಅಭ್ಯಾಸಕ್ಕೆ ಹೋಗಿ, ಭುಜಕ್ಕೆ ಐಸ್ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದ ಹುಡುಗಿ. ಪಾಪ, ಅಷ್ಟೆಲ್ಲ ಒದ್ದಾಡಿದ್ದಕ್ಕೆ ಸಿಕ್ಕಿದ್ದು ಇಷ್ಟೇನಾ?

ಅಪೂರ್ವ ಬ್ಯಾಗು ಹೊತ್ತು ಬಂದಳು. ಅಪ್ಪ ಹಾಳೆಯ ಮುಂದೆ ನಿಂತದ್ದನ್ನು ಕಂಡು ಅವಳ ಹೆಜ್ಜೆ ನಿಧಾನವಾಯಿತು.

"ನೋಡಿದ್ರಾ ಪಪ್ಪಾ?"

"ನೋಡಿದೆ." ರಾಜಶೇಖರ ಹಾಳೆಗೆ ಬೆನ್ನು ಮಾಡಿ ನಿಂತರು. "ಹೋಗ್ಲಿ ಬಿಡವ್ವಾ. ಆವರೇಜಿಗಿಂತ ಕಡಿಮಿ ಬಂತಂತ ಮನಸ್ಸಿಗೆ ಹಚ್ಕೋಬ್ಯಾಡ."

ಅವಳು ಏನೋ ಹೇಳಲು ಬಾಯಿ ತೆರೆದಳು.

"ಎಲ್ಲಾರೂ ಎಲ್ಲಾದ್ರಾಗೂ ಮುಂದ ಇರಬೇಕಂತ ಎಲ್ಲೈತಿ? ನಿನಗ ಖುಷಿ ಕೊಡ್ತೈತಿಲ್ಲ, ಆಡು. ಮುಂದಿನ ವರ್ಷಾನೂ ಆಡು. ನೀ ಹೆಂಗ ಆಡಿದ್ರೂ ನಮ್ಮವ್ವನ."

ತಮ್ಮ ಮಾತಿಗೆ ಅವರೇ ಬೆರಗಾದರು. ಪರೀಕ್ಷೆಯಲ್ಲಿ ಎ ಗ್ರೇಡ್ ತಂದರೆ, ಅದಕ್ಕೂ ಮೇಲಿನ ಎ ಸ್ಟಾರ್‌ನ ಸ್ಟಾರ್ ಎಲ್ಲಿ ಹೋಯಿತೆಂದು ಕೇಳುವ ಬಾಯಿ ಅದು. ಅಪೂರ್ವ ಹೇಳಹೊರಟದ್ದನ್ನು ನುಂಗಿಕೊಂಡಳು. ಬ್ಯಾಗು ಕೆಳಗಿಟ್ಟು ಅಪ್ಪನ ಕೋಟಿಗೆ ಹಣೆಯೊತ್ತಿ ನಿಂತಳು. ದೊಡ್ಡವಳಾದ ಮೇಲೆ ಅವಳು ಹೀಗೆ ಹತ್ತಿರ ಬಂದದ್ದೇ ಇರಲಿಲ್ಲ. ಅವರು ಮಣ್ಣಾದ ಟೋಪಿಯ ಮೇಲೆಯೇ ತಲೆ ಸವರಿದರು.

ಅಷ್ಟರಲ್ಲಿ ತಂಡದ ಸ್ಕೋರ್ ಬರೆಯುವ ಉಲ್ಲಾಸ್ ಕೈ ಚಾಚಿಕೊಂಡು ಬಂದ. ಬೆಂಗಳೂರಿನ ಎಂಜಿನಿಯರ್, ಮಾತಿನಲ್ಲಿ ಧಾರಾಳಿ.

"ಕಂಗ್ರಾಟ್ಸ್ ಸರ್. ಇಡೀ ಲೀಗಿಗೇ ಬೆಸ್ಟ್ ಪಿಚರ್ ನಿಮ್ಮ ಮಗಳು."

"ಕಡಿಮೆ ಇದೆಯಲ್ಲಪ್ಪಾ?"

"ಅದು ಎದುರಿನ ಟೀಮಿಗೆ ಬಿಟ್ಟುಕೊಟ್ಟ ರನ್ನಿನ ಲೆಕ್ಕ ಸರ್. ಕಡಿಮೆ ಇದ್ದಷ್ಟೂ ಒಳ್ಳೇದು. ಕ್ರಿಕೆಟ್ಟಲ್ಲಿ ನಮ್ಮ ಬೌಲರ್‌ಗಳದ್ದೂ ಹಾಗೇ ತಾನೇ?" ಎಂದು ನಗುತ್ತಾ ಕೈ ಕುಲುಕಿ ಹೋದ.

ಕೊಲೆಸ್ಟ್ರಾಲ್ ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ದಿನವಿಡೀ ರೋಗಿಗಳಿಗೆ ಉಪದೇಶ ಮಾಡುವ ಹೃದಯದ ಡಾಕ್ಟರು ಕತ್ತು ಹೊರಳಿಸಿ ಹಾಳೆಯನ್ನು ಮತ್ತೊಮ್ಮೆ ಓದಿದರು. ಊರಿನ ರೋಗಿಗಳ ಅಂಕಿಗಳೆಲ್ಲ ಅರ್ಥವಾಗುತ್ತಿದ್ದವು. ಮಗಳದ್ದು ಬಂದರೆ ಮಾತ್ರ ಕಣ್ಣು ಹೆಚ್ಚಿನದನ್ನೇ ಹುಡುಕುತ್ತಿತ್ತು. ಅವರಿಗೆ ನಾಚಿಕೆಯಾಯಿತು. ಅಪೂರ್ವ ಇನ್ನೂ ಹಾಗೆಯೇ ಕೋಟಿಗೆ ಒರಗಿ ನಿಂತಿದ್ದಳು.

"ನಾ ಹುಚ್ಚನಂಗ ಸಮಾಧಾನ ಮಾಡಾಕತ್ತೀನಿ. ನೀ ಯಾಕ ಹೇಳ್ಲಿಲ್ಲ?"

"ಹೇಳೋಳೇ ಇದ್ದೆ ಪಪ್ಪಾ," ಅವಳು ತಲೆಯೆತ್ತಲಿಲ್ಲ. "ಬಟ್, ಇನ್ನೊಂದು ಸ್ವಲ್ಪ ಹೊತ್ತು ಕಡಿಮೆಯಾಗೇ ಇರೋಣ ಅನಿಸ್ತು."